ಆಲ್ಬಮ್ ಯಾವ ವಯಸ್ಸಿಗೆ?

ನೀರುಬಣ್ಣದ ಮೃದು ಚಿತ್ರಗಳು. ಹೂವು, ಜೀರುಂಡೆ, ಹೆಬ್ಬೆರಳಿನಷ್ಟು ಎತ್ತರದ ಪುಟ್ಟ ಜನ. 'ಬ್ಯೂಟಿಫುಲ್ ಡಾರ್ಕ್‌ನೆಸ್' ಎಂಬ ಫ್ರೆಂಚ್ ಆಲ್ಬಮ್ಮಿನ (ಕಾಮಿಕ್ಸ್ ಪುಸ್ತಕಕ್ಕೆ ಅಲ್ಲಿ ಹೇಳುವ ಹೆಸರು ಅದು) ಇಂಗ್ಲಿಷ್ ಅನುವಾದವನ್ನು ಅಂಗಡಿಯಲ್ಲಿ ಅಲ್ಲೊಂದು ಇಲ್ಲೊಂದು ಪುಟ ತಿರುವಿ ನೋಡಿದವರು ಆರು ವರ್ಷದ ಮಗುವಿನ ಹುಟ್ಟುಹಬ್ಬಕ್ಕೆಂದು ಕಟ್ಟಿಸಿಕೊಂಡು ಹೊರಟರೆ ತಪ್ಪು ಅವರದಲ್ಲ. ಆ ಪುಟ್ಟ ಜನ ಹೊರಬರುವುದು ಕಾಡಿನಲ್ಲಿ ಸತ್ತುಬಿದ್ದಿರುವ ಒಬ್ಬ ಬಾಲಕಿಯ ದೇಹದೊಳಗಿಂದ. ಪುಟ ಸರಿದಂತೆ ಆ ದೇಹ ಕೊಳೆಯುತ್ತ ಹೋಗುತ್ತದೆ, ಇವರು ಒಬ್ಬರಿಗೊಬ್ಬರು ಮಾಡುವ ಕ್ರೌರ್ಯ ಬೆಳೆಯುತ್ತ ಹೋಗುತ್ತದೆ. ಫಾಬಿಯಾನ್ ವೆಲ್ಮಾನ್ ಬರೆದು ಕೆರಾಸ್ಕೊಯೆಟ್ ಎಂಬ ಜೋಡಿ ಚಿತ್ರಿಸಿದ ಈ ಪುಸ್ತಕ ಅದ್ಭುತವಾದದ್ದೇ, ಆದರೆ ಹದಿನಾರು ದಾಟಿದವರಿಗೆ. 'ಬ್ಲ್ಯಾಕ್‌ಸ್ಯಾಡ್' ಇನ್ನೊಂದು ಬಲೆ. ಮುಖಪುಟದಲ್ಲಿ ಕೋಟು ತೊಟ್ಟ ಕರಿಬೆಕ್ಕು ಇದೆ, ಒಳಗೆ 1950ರ ದಶಕದ ಅಮೆರಿಕದ ಕೊಲೆ, ಕಾಮ, ವರ್ಣದ್ವೇಷ.

ಯುರೋಪಿನ ಆಲ್ಬಮ್‌ಗಳಿಗೆ ವಯಸ್ಸು ಹಚ್ಚುವಾಗ ಚಿತ್ರದ ಶೈಲಿಯಷ್ಟು ಮೋಸಮಾಡುವುದು ಬೇರೊಂದಿಲ್ಲ. ಹಿಂಬದಿಯಲ್ಲಿ ಅಚ್ಚಾಗುವ '8 ವರ್ಷ ಮೇಲ್ಪಟ್ಟವರಿಗೆ' ಎಂಬ ಸಾಲೂ ಅಷ್ಟಕ್ಕಷ್ಟೇ. ನೋಡಬೇಕಾದ್ದು ಮೂರು: ಮೂಲ ಪುಸ್ತಕ ಯಾವ ಕಾಲದ್ದು, ಕೈಯಲ್ಲಿರುವ ಪ್ರತಿಯ ಪುಟ ಎಷ್ಟು ದೊಡ್ಡದು, ಇಂಗ್ಲಿಷ್ ಎಂಥದ್ದು. ಕೊನೆಯದು ನಮಗೆ ಹೆಚ್ಚು ಮುಖ್ಯ. ಪಕ್ಕದ ತಮಿಳಿನಲ್ಲಿ ಶಿವಕಾಶಿಯ ಲಯನ್–ಮುತ್ತು ಕಾಮಿಕ್ಸ್‌ನವರು ಕೌಬಾಯ್ ನಾಯಕ ಲಕ್ಕಿ ಲೂಕ್‌ನಂಥವರನ್ನು ದಶಕಗಳಿಂದ ತಮಿಳು ಮಾತಾಡಿಸುತ್ತಿದ್ದಾರೆ. ಕನ್ನಡದ ಮಗು ಬಹುಮಟ್ಟಿಗೆ ಇಂಗ್ಲಿಷಿನ ಬಾಗಿಲಿನಿಂದಲೇ ಈ ಮನೆಗೆ ಹೋಗಬೇಕು.

ಕಾಲದಿಂದ ಶುರುಮಾಡೋಣ. 1949ರ ಜುಲೈ 16ರಂದು ಫ್ರಾನ್ಸಿನಲ್ಲಿ ಮಕ್ಕಳ ಪ್ರಕಟಣೆಗಳ ಮೇಲೆ ಒಂದು ಕಾನೂನು ಬಂತು. ಹಿಂಸೆ, ಅಪರಾಧ, ಅಶ್ಲೀಲತೆಯನ್ನು ಚೆಂದಗಾಣಿಸುವಂತಿಲ್ಲ. ನೋಡಿಕೊಳ್ಳಲು ಒಂದು ಆಯೋಗ. ಟಿನ್‌ಟಿನ್, ಸ್ಪಿರೂ ಹೆಸರಿನ ಕಾಮಿಕ್ಸ್ ವಾರಪತ್ರಿಕೆಗಳು ಹೊರಡುತ್ತಿದ್ದದ್ದು ಬೆಲ್ಜಿಯಂನಿಂದ, ಆದರೆ ಅವುಗಳ ದೊಡ್ಡ ಮಾರುಕಟ್ಟೆ ಫ್ರಾನ್ಸ್. ಆಯೋಗದ ಕಣ್ಣಿಗೆ ಬೀಳಬಾರದೆಂದು ಸಂಪಾದಕರೇ ಮುಂಚಿತವಾಗಿ ಕತ್ತರಿ ಹಿಡಿದರು. ರಕ್ತ ಕಾಣದು, ಹೆಂಗಸರಂತೂ ಕಾಣುವುದೇ ಅಪರೂಪ. ಎಡ್ಗರ್ ಪಿ. ಜೇಕಬ್ಸ್‌ನ ಜೋಡಿ ನಾಯಕರು ಬ್ಲೇಕ್ ಮತ್ತು ಮಾರ್ಟಿಮರ್ ಲಂಡನ್ನಿನ ಬೀದಿಗಳಲ್ಲಿ ಅಲೆದಾಡಿದರೂ ಮಾತಾಡಿಸಲು ಹೆಣ್ಣುಮಕ್ಕಳೇ ಸಿಗುವುದಿಲ್ಲವಲ್ಲ, ಅದಕ್ಕೆ ಲೇಖಕನ ಸ್ವಭಾವ ಮಾತ್ರ ಕಾರಣವಲ್ಲ. ಈ ಬೇಲಿ ಸಡಿಲವಾದದ್ದು 1960ರ ದಶಕದ ಕೊನೆಗೆ. ಸ್ಪಿರೂ ಪತ್ರಿಕೆಯಲ್ಲಿ 1970ರಲ್ಲಿ ರೋಜರ್ ಲೆಲೂ ಸೃಷ್ಟಿಸಿದ ಯೋಕೊ ತ್ಸುನೊ, ಎಲೆಕ್ಟ್ರಾನಿಕ್ಸ್ ಬಲ್ಲ ಜಪಾನಿ ತರುಣಿ, ಕಥೆಯ ನಾಯಕಿಯಾಗಿಯೇ ಬಂದಳು. 1975ರಲ್ಲಿ ಶುರುವಾದ 'ಮೆತಾಲ್ ಯುರ್ಲಾಂ' ಪತ್ರಿಕೆಯ ಹೊತ್ತಿಗೆ ದೊಡ್ಡವರ ಕಾಮಿಕ್ಸ್ ಬೇರೆಯೇ ಮನೆ ಹೂಡಿತ್ತು.

ಹೀಗಾಗಿ ಆಲ್ಬಮ್ ಕೊಳ್ಳುವವರು ಮೊದಲು ತೆರೆಯಬೇಕಾದ್ದು ಹಕ್ಕುಸ್ವಾಮ್ಯದ ಪುಟ. ಅಲ್ಲಿ ಇಂಗ್ಲಿಷ್ ಮುದ್ರಣದ ವರ್ಷವನ್ನಲ್ಲ, ಮೂಲ ಪ್ರಕಟಣೆಯ ವರ್ಷವನ್ನು ಹುಡುಕಿ. 1970ಕ್ಕಿಂತ ಹಿಂದಿನದಾದರೆ ಕಾಮ–ಹಿಂಸೆಯ ಚಿಂತೆ ಬಹುಮಟ್ಟಿಗೆ ಬೇಡ. ಚಿಂತೆ ಬೇಕಾದ್ದು ಬೇರೆಯದಕ್ಕೆ: ಕಪ್ಪು ಜನ, ಅರಬರು, ಚೀನಿಯರನ್ನು ಚಿತ್ರಿಸಿದ ರೀತಿ. ಬೆಲ್ಜಿಯಂನ ಎರ್ಜೆ ಸೃಷ್ಟಿಸಿದ ತರುಣ ವರದಿಗಾರ ಟಿನ್‌ಟಿನ್‌ನ ಕಾಂಗೊ ಪ್ರವಾಸದ ಕಥೆ 1930–31ರದು. ಅದರ ಬಣ್ಣದ ಆವೃತ್ತಿ ಇಂಗ್ಲಿಷಿಗೆ ಬಂದದ್ದು 2005ರಲ್ಲಿ, ಅದೂ ಹೊರಗೆ ಎಚ್ಚರಿಕೆಯ ಪಟ್ಟಿ ಸುತ್ತಿಕೊಂಡು. ಅದನ್ನು ಮಕ್ಕಳ ಸಾಲಿನಿಂದ ತೆಗೆದು ದೊಡ್ಡವರ ಕಪಾಟಿಗೆ ಸೇರಿಸುವುದೇ ಸರಿ. ನೀಲಿ ಮೈಯ ಪುಟ್ಟ ಜೀವಿಗಳಾದ ಸ್ಮರ್ಫ್‌ಗಳ ಮೊದಲ ಆಲ್ಬಮ್ಮಿನಲ್ಲಿ ನೊಣ ಕಚ್ಚಿ ಹುಚ್ಚೇಳುವ ಸ್ಮರ್ಫ್‌ಗಳು ಫ್ರೆಂಚಿನಲ್ಲಿ ಕಪ್ಪಾಗುತ್ತವೆ. ಅಮೆರಿಕದ ಪೇಪರ್‌ಕಟ್ಜ್ ಪ್ರಕಾಶನ 2010ರಲ್ಲಿ ಅದನ್ನು 'ದಿ ಪರ್ಪಲ್ ಸ್ಮರ್ಫ್ಸ್' ಮಾಡಿ ಬಣ್ಣ ನೇರಳೆಗೆ ತಿರುಗಿಸಿತು. ಕಥೆಗೆ ಕುಂದಾಗಲಿಲ್ಲ.

ಇನ್ನು ಪುಟದ ಮಾತು. ಅಚ್ಚುಮನೆಯ ಲೆಕ್ಕದಲ್ಲಿ ಹದಿನಾರು ಪುಟ ಒಂದು ಫಾರಂ. ಮೂರು ಫಾರಂ ಅಂದರೆ 48 ಪುಟ, ನಾಲ್ಕು ಅಂದರೆ 64. ರೋಮನ್ನರನ್ನು ಎದುರಿಸುವ ಗಾಲ್ (ಪ್ರಾಚೀನ ಫ್ರಾನ್ಸಿನ) ವೀರ ಆಸ್ಟರಿಕ್ಸ್‌ಗೆ 48 ಪುಟದ ಪುಸ್ತಕ, ಅದರಲ್ಲಿ ಕಥೆ 44 ಪುಟ. ಟಿನ್‌ಟಿನ್‌ಗೆ ನಾಲ್ಕು ಫಾರಂ, ಕಥೆ 62 ಪುಟ. ಮೊದಲಿನ ಕಪ್ಪು–ಬಿಳುಪು ಟಿನ್‌ಟಿನ್ ನೂರು ಪುಟ ದಾಟುತ್ತಿತ್ತು. ಯುದ್ಧಕಾಲದಲ್ಲಿ ಕಾಗದದ ಬರ ಬಂದಾಗ ಪ್ರಕಾಶಕರು ಕಾಸ್ಟರ್‌ಮಾನ್ 62 ಪುಟ ಮತ್ತು ಬಣ್ಣ ಎಂದು ಕಟ್ಟುಮಾಡಿದರು, ಎರ್ಜೆ ಮೊಟ್ಟಮೊದಲನೆಯದೊಂದನ್ನು ಬಿಟ್ಟು ಹಳೆಯ ಕಥೆಗಳನ್ನೆಲ್ಲ ಆ ಅಳತೆಗೆ ತಿರುಗಿ ಬರೆಯುತ್ತ ಕೂತ. ಈ ಒತ್ತಡವೇ ಪುಟವನ್ನು ಬಿಗಿಗೊಳಿಸಿತು: ಪುಟಕ್ಕೆ ನಾಲ್ಕು ಸಾಲು, ಸಾಲಿಗೆ ಎರಡರಿಂದ ನಾಲ್ಕು ಚೌಕ. ಎಲ್ಲವೂ ವಾರಪತ್ರಿಕೆಯಲ್ಲೋ ದಿನಪತ್ರಿಕೆಯಲ್ಲೋ ಕಂತಾಗಿ ಬಂದದ್ದು. ಆದ್ದರಿಂದ ಪುಟದ ಬಲಗಡೆಯ ಕೊನೆ ಚೌಕದಲ್ಲಿ ಬಾಗಿಲು ಬಡಿಯುತ್ತದೆ, ಇಲ್ಲವೇ ಗುಂಡು ಹಾರುತ್ತದೆ. ಮಲಗುವ ಹೊತ್ತಿಗೆ ಓದಿ ಹೇಳುವವರು 'ಈ ಪುಟ ಮುಗಿಸಿ ಮಲಗೋಣ' ಎಂದರೆ ಸೋತಂತೆಯೇ. ನಿಲ್ಲಿಸುವುದಾದರೆ ಪುಟದ ನಡುವೆ, ಎರಡನೆಯ ಸಾಲಿನ ಕೊನೆಗೆ ನಿಲ್ಲಿಸಿ.

ಅಷ್ಟು ಚೌಕಗಳನ್ನು ಹೊತ್ತ ಪುಟವನ್ನು ಕುಗ್ಗಿಸಿದರೆ ಏನಾಗುತ್ತದೆ? ಸಾಮಾನ್ಯ ಟಿನ್‌ಟಿನ್ ಪ್ರತಿ ಸುಮಾರು 22 ಸೆಂ.ಮೀ. ಅಗಲ, 29 ಸೆಂ.ಮೀ. ಎತ್ತರ. ಒಂದೇ ಗಟ್ಟಿ ರಟ್ಟಿನೊಳಗೆ ಮೂರು ಕಥೆ ತುಂಬಿದ ಚಿಕ್ಕ ಅಳತೆಯ ಆವೃತ್ತಿಗಳು ಅಮೆರಿಕದಿಂದ ಬರುತ್ತವೆ. ಅವುಗಳ ಪುಟದ ವಿಸ್ತೀರ್ಣ ಇದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಬೆಲೆ ಕಡಿಮೆ ಎನಿಸುತ್ತದೆ, ಮೂರು ಕಥೆ ಸಿಕ್ಕಿತಲ್ಲ ಎನಿಸುತ್ತದೆ. ಆದರೆ ಮಾತಿನ ಗುಳ್ಳೆಯೊಳಗಿನ ಅಕ್ಷರ ಔಷಧಿ ಚೀಟಿಯ ಅಕ್ಷರದ ಮಟ್ಟಕ್ಕೆ ಇಳಿದಿರುತ್ತದೆ. ಆಗಷ್ಟೇ ಇಂಗ್ಲಿಷ್ ಕೂಡಿಸಿ ಓದಲು ಕಲಿಯುತ್ತಿರುವ ಏಳೆಂಟು ವರ್ಷದ ಮಗು ಪುಸ್ತಕ ಮುಚ್ಚಿಡುವುದು ಕಥೆ ಬೇಸರವಾಗಿ ಅಲ್ಲ, ಕಣ್ಣು ಸೋತು. ಆಸ್ಟರಿಕ್ಸ್‌ನ ಮೂರು-ಕಥೆಯ ಸಂಪುಟಗಳಲ್ಲಿ ಪುಟ ದೊಡ್ಡದೇ ಉಳಿದಿದೆ. ಅಲ್ಲಿನ ತೊಂದರೆ ತೂಕ. ಹೊಟ್ಟೆಯ ಮೇಲೆ ಮಲಗಿ ಓದುವ ಮಗುವಿಗೆ ಅಡ್ಡಿಯಿಲ್ಲ, ಮಡಿಲಲ್ಲಿ ಹಿಡಿದು ಓದುವ ಮಗುವಿನ ಕೈ ಸೋಲುತ್ತದೆ.

ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ 2005ರಲ್ಲಿ ಶುರುವಾದ ಸಿನೆಬುಕ್ ಪ್ರಕಾಶನ ಇಂದು ಈ ಬಗೆಯ ಅನುವಾದಗಳ ದೊಡ್ಡ ಅಂಗಡಿ. ಲಕ್ಕಿ ಲೂಕ್ ಪೂರ್ಣ ಅಳತೆಯಲ್ಲಿ ಸಿಗುತ್ತಾನೆ. ವೈಕಿಂಗ್ ಸಾಹಸದ ಥೋರ್ಗಲ್ ಮತ್ತು ಪತ್ತೇದಾರಿ ಥರ್ಟೀನ್‌ನಂಥ (XIII) ಸರಣಿಗಳು ಮಾತ್ರ ಸುಮಾರು 18×26 ಸೆಂ.ಮೀ.ಗೆ ಕುಗ್ಗಿವೆ. ಥರ್ಟೀನ್ ಓದುವಾಗ ಅಷ್ಟೇನೂ ತಿಳಿಯದು. ಥೋರ್ಗಲ್‌ನಲ್ಲಿ ಪೋಲೆಂಡಿನ ರೊಸಿನ್ಸ್ಕಿ ಬಿಡಿಸಿದ ಹಿಮ, ಕಡಲು, ಮಂಜನ್ನು ಹೀಗೆ ಹಿಂಡಿದ್ದು ಅನ್ಯಾಯವೇ. ದೊಡ್ಡವರ ಕೆಲವು ಕಥೆಗಳ ಬೆತ್ತಲೆ ಮೈಗೆ ಇಂಗ್ಲಿಷ್ ಆವೃತ್ತಿಯಲ್ಲಿ ಬಟ್ಟೆ ತೊಡಿಸಿದ್ದೂ ಉಂಟು. 'ಅಲ್ಡೆಬರಾನ್' ಸರಣಿ ಅದಕ್ಕೆ ಉದಾಹರಣೆ. ಹದಿಮೂರರ ಹುಡುಗ ಹುಡುಗಿಯರ ಕೈಗೆ ಕೊಡುವವರಿಗೆ ಅನುಕೂಲ, ಮೂಲವೇ ಬೇಕೆನ್ನುವವರಿಗೆ ಕಿರಿಕಿರಿ.

ಸಿನೆಬುಕ್‌ನಲ್ಲಿ ಎಡವುವ ಜಾಗ ಕ್ರಮಸಂಖ್ಯೆ. ಬೆನ್ನಿನ ಮೇಲಿನ ಅಂಕಿ ಇಂಗ್ಲಿಷಿನಲ್ಲಿ ಹೊರಬಂದ ಕ್ರಮ, ಎಷ್ಟೋ ಸರಣಿಗಳಲ್ಲಿ ಅದಕ್ಕೂ ಮೂಲದ ಕ್ರಮಕ್ಕೂ ಸಂಬಂಧವಿಲ್ಲ. ಬ್ಲೇಕ್ ಮತ್ತು ಮಾರ್ಟಿಮರ್‌ನ ಒಂದನೆಯ ಸಂಪುಟ 'ದಿ ಯೆಲೊ ಎಂ'. ಅದಕ್ಕಿಂತ ಹಿಂದೆ ಬರೆದ ಪಿರಮಿಡ್ಡಿನ ಕಥೆ ಎರಡು ಮತ್ತು ಮೂರು. ಸ್ಪಿರೂ ಸರಣಿಯ ಒಂದನೆಯದು ಮೂಲದಲ್ಲಿ 34ನೆಯದು. ಯೋಕೊ ತ್ಸುನೊವಿನ ಒಂದನೆಯದು ಮೂಲದಲ್ಲಿ ಏಳನೆಯದು. ಥೋರ್ಗಲ್‌ನ ಮೊದಲ ಇಂಗ್ಲಿಷ್ ಸಂಪುಟದಲ್ಲಿ ಮೂಲದ ಏಳನೆಯ ಮತ್ತು ಹದಿನಾಲ್ಕನೆಯ ಆಲ್ಬಮ್‌ಗಳನ್ನು ಜೋಡಿಸಿದ್ದಾರೆ, ಎರಡೂ ನಾಯಕ–ನಾಯಕಿಯ ಬಾಲ್ಯದ ಕಥೆಗಳಾದ್ದರಿಂದ. ಬಿಡಿಬಿಡಿ ಕಥೆಗಳ ಲಕ್ಕಿ ಲೂಕ್‌ಗೆ ಇದರಿಂದ ನಷ್ಟವಿಲ್ಲ, ಯಾವುದನ್ನೆತ್ತಿಕೊಂಡರೂ ಆದೀತು. ಪಾತ್ರಗಳು ಒಂದರಿಂದೊಂದಕ್ಕೆ ಬೆಳೆಯುವ ಯೋಕೊವಿನಂಥ ಸರಣಿಯಲ್ಲಿ ಮಗು 'ಇವಳು ಯಾರು, ಮೊದಲೇ ಗೊತ್ತಿದ್ದವಳ ಹಾಗೆ ಮಾತಾಡ್ತಾರಲ್ಲ' ಎಂದು ಕೇಳುತ್ತದೆ. ಪರಿಹಾರ ಅದೇ ಹಕ್ಕುಸ್ವಾಮ್ಯದ ಪುಟದಲ್ಲಿದೆ: ಮೂಲ ಫ್ರೆಂಚ್ ಹೆಸರು ಅಚ್ಚಾಗಿರುತ್ತದೆ, ಅದನ್ನು ಹಿಡಿದು ಕ್ರಮ ಪತ್ತೆಮಾಡಿ, ಪೆನ್ಸಿಲಿನಲ್ಲಿ ಒಳರಟ್ಟಿನ ಮೇಲೆ ನಿಜವಾದ ಸಂಖ್ಯೆ ಬರೆದಿಡಿ. ಅಂತರಿಕ್ಷ ಸಾಹಸದ ವಲೇರಿಯನ್ ಸರಣಿಗೆ ಈ ಕೆಲಸ ಬೇಡ, ಅದು ಮೂಲದ ಕ್ರಮದಲ್ಲೇ ಬಂದಿದೆ.

ಟಿನ್‌ಟಿನ್‌ನಲ್ಲಿ ಗಮನಿಸಬೇಕಾದ್ದು ಜೋಡಿಗಳು. 'ದಿ ಸೀಕ್ರೆಟ್ ಆಫ್ ದಿ ಯೂನಿಕಾರ್ನ್' ಮತ್ತು 'ರೆಡ್ ರ‍್ಯಾಕಮ್ಸ್ ಟ್ರೆಷರ್', 'ದಿ ಸೆವೆನ್ ಕ್ರಿಸ್ಟಲ್ ಬಾಲ್ಸ್' ಮತ್ತು 'ಪ್ರಿಸನರ್ಸ್ ಆಫ್ ದಿ ಸನ್', ಚಂದ್ರಯಾನದ ಎರಡು. ಇವನ್ನು ಒಟ್ಟಿಗೇ ತನ್ನಿ. ಒಂದನ್ನೇ ತಂದರೆ ಕೊನೆಯ ಪುಟದಲ್ಲಿ ಅಳು ಕೇಳಬೇಕಾಗುತ್ತದೆ. ಮೊದಲ ಸಲ ಓದುವವರಿಗೆ ಯೂನಿಕಾರ್ನ್ ಜೋಡಿಯೇ ಸರಿ: ಟಿನ್‌ಟಿನ್‌ನ ಗೆಳೆಯ ಕಪ್ತಾನ ಹ್ಯಾಡಕ್ ಆಗಲೇ ಬಂದಿದ್ದಾನೆ, ಎರಡನೆಯ ಭಾಗದಲ್ಲಿ ಕಿವುಡು ವಿಜ್ಞಾನಿ ಕ್ಯಾಲ್ಕುಲಸ್ ಸೇರಿಕೊಳ್ಳುತ್ತಾನೆ, ಮಾರ್ಲಿನ್‌ಸ್ಪೈಕ್ ಬಂಗಲೆ ಸಿಗುತ್ತದೆ. ಇಪ್ಪತ್ತನಾಲ್ಕರ ಪೆಟ್ಟಿಗೆಯನ್ನು ಒಮ್ಮೆಗೇ ಕೊಳ್ಳುವ ಆಸೆ ಬೇಡ. ಒಂದನೆಯದರಿಂದ ಸಾಲಾಗಿ ಓದಲು ಹೊರಟ ಮಗು ಎರ್ಜೆ ಇನ್ನೂ ಕೈ ಪಳಗಿಸುತ್ತಿದ್ದ ಕಾಲದ ಒರಟು ಕಥೆಗಳಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದಾಗಿ ಕೊಡಲು 1960ರ 'ಟಿನ್‌ಟಿನ್ ಇನ್ ಟಿಬೆಟ್' ಇದೆ. ಅದರಲ್ಲಿ ಖಳನೇ ಇಲ್ಲ, ದಾರಿಯಲ್ಲಿ ದೆಹಲಿಯ ಕುತುಬ್ ಮಿನಾರ್ ಮತ್ತು ಕೆಂಪುಕೋಟೆ ಬರುತ್ತವೆ, ಗಲ್ಲಿಗೆ ಅಡ್ಡ ಮಲಗಿದ ಹಸುವಿನೊಡನೆ ಹ್ಯಾಡಕ್ ಪಡುವ ಪಾಡನ್ನು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ಆಲ್ಬಮ್‌ಗಳ ಇಂಗ್ಲಿಷ್ ಬಗ್ಗೆ ಹೇಳದಿದ್ದರೆ ಅರ್ಧ ಹೇಳಿದಂತೆ. ಕಾದಂಬರಿಯ ಅನುವಾದಕನಿಗೆ ಸಾಲು ಉದ್ದವಾದರೆ ಪುಟ ಹಿಗ್ಗುತ್ತದೆ. ಇಲ್ಲಿ ಗುಳ್ಳೆ ಆಗಲೇ ಬರೆದಾಗಿದೆ, ಮಾತು ಅದರೊಳಗೆ ಕೂರಬೇಕು. ಟಿನ್‌ಟಿನ್‌ನ ನಾಯಿ ಫ್ರೆಂಚಿನಲ್ಲಿ ಮಿಲೂ, ರೋಮನ್ ಲಿಪಿಯಲ್ಲಿ ಐದಕ್ಷರ. ಆ ಹೆಸರು ಎಷ್ಟೋ ಗುಳ್ಳೆಗಳಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ನೋಯಿ ಎಂದಿಟ್ಟರು, ಅದೂ ಐದಕ್ಷರ. ಲೆಸ್ಲಿ ಲಾನ್ಸ್‌ಡೇಲ್-ಕೂಪರ್ ಮತ್ತು ಮೈಕಲ್ ಟರ್ನರ್ 1958ರಿಂದ ಮೆಥುಯೆನ್ ಪ್ರಕಾಶನಕ್ಕೆ ಮಾಡಿದ ಈ ಅನುವಾದವೇ ಇಂದಿಗೂ ಬ್ರಿಟಿಷ್ ಪ್ರತಿಗಳಲ್ಲಿರುವುದು. ಬೆನ್ನಿನ ಮೇಲೆ ಮೆಥುಯೆನ್, ಮ್ಯಾಮತ್, ಎಗ್ಮಾಂಟ್, ಫಾರ್‌ಶೋರ್ ಏನೇ ಇದ್ದರೂ ಒಳಗಿನ ಮಾತು ಅವರದೇ. ಮೆಥುಯೆನ್‌ನವರು ಸುಮ್ಮನೆ ಅನುವಾದಿಸಿ ಬಿಟ್ಟವರೂ ಅಲ್ಲ. 'ದಿ ಬ್ಲ್ಯಾಕ್ ಐಲೆಂಡ್' ನಡೆಯುವುದು ಬ್ರಿಟನ್ನಿನಲ್ಲಿ. ಅದರಲ್ಲಿ 131 ತಪ್ಪುಗಳಿವೆ ಎಂದು ಪಟ್ಟಿ ಕಳಿಸಿದರು. ಎರ್ಜೆ ತನ್ನ ಸಹಾಯಕ ಬಾಬ್ ಡಿ ಮೂರ್‌ನನ್ನು ಬ್ರಿಟನ್ನಿಗೆ ಅಟ್ಟಿ ರೈಲು, ಪೊಲೀಸರ ಉಡುಪು, ಬೇಲಿ, ಬಂಡೆ ಎಲ್ಲವನ್ನೂ ಬರೆಸಿಕೊಂಡು ತರಿಸಿ ಇಡೀ ಆಲ್ಬಮ್ಮನ್ನು ಹೊಸದಾಗಿ ಚಿತ್ರಿಸಿದ; 1966ರಲ್ಲಿ ಅದು ಹೊರಬಂತು. ಅನುವಾದಕ್ಕಾಗಿ ಮೂಲವೇ ಬದಲಾಯಿತು.

ಆಸ್ಟರಿಕ್ಸ್‌ದು ಬೇರೆಯೇ ಪಾಡು. ಟಿನ್‌ಟಿನ್‌ನ ನಗು ಬೀಳುವುದರಲ್ಲಿ, ಏಳುವುದರಲ್ಲಿ, ಹ್ಯಾಡಕ್‌ನ ಬೈಗುಳದಲ್ಲಿ ಇದೆ. ಗೊಸಿನಿ ಬರೆದ ಆಸ್ಟರಿಕ್ಸ್‌ನಲ್ಲಿ ಅರ್ಧ ನಗು ಶ್ಲೇಷೆ. ನಮ್ಮ ಬೀಚಿಯವರ ಮಾತನ್ನು ಇಂಗ್ಲಿಷಿಗೆ ಒಯ್ಯುವಷ್ಟೇ ಕಷ್ಟ. ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ 1969ರಿಂದ ಹಿಡಿದ ದಾರಿ ಸರಳ: ಇಲ್ಲಿ ಸಾಯುವ ಶ್ಲೇಷೆಯನ್ನು ಬಿಟ್ಟುಬಿಡು, ಅದೇ ಪುಟದಲ್ಲಿ ಇನ್ನೆಲ್ಲಾದರೂ ಇಂಗ್ಲಿಷಿನದೊಂದು ಹುಟ್ಟಿಸು. ಪುಟ್ಟ ನಾಯಿಯ ಫ್ರೆಂಚ್ ಹೆಸರು ಇದೆಫಿಕ್ಸ್, ಅಂದರೆ ತಲೆಗಂಟಿದ ಹಟದ ವಿಚಾರ. ಇಂಗ್ಲಿಷಿನಲ್ಲಿ ಡಾಗ್ಮ್ಯಾಟಿಕ್ಸ್: ಹಟವೂ ಉಳಿಯಿತು, ನಾಯಿಯೂ ಒಳಗೆ ಬಂತು, ಗಾಲ್ ಜನರ ಹೆಸರಿಗಿರಬೇಕಾದ 'ಇಕ್ಸ್' ಕೂಡ ಕೂತಿತು. ಮೂಲಕ್ಕಿಂತ ಮೇಲಾದ ಅನುವಾದ ಇದು. 'ಆಸ್ಟರಿಕ್ಸ್ ದಿ ಲೀಜನರಿ'ಯಲ್ಲಿ ಕಡಲ್ಗಳ್ಳರ ಹಡಗು ಎಂದಿನಂತೆ ಒಡೆಯುತ್ತದೆ. ತೆಪ್ಪದ ಮೇಲೆ ಅವರು ಬಿದ್ದಿರುವ ಭಂಗಿ ಫ್ರೆಂಚ್ ಚಿತ್ರಕಾರ ಜೆರಿಕೋನ 'ಮೆಡ್ಯೂಸಾದ ತೆಪ್ಪ' ಎಂಬ ಹೆಸರಾಂತ ಚಿತ್ರದ್ದೇ ಅಣಕ. ಫ್ರೆಂಚಿನ ಕಪ್ತಾನ ಮೆಡ್ಯೂಸಾ ಎಂಬ ಪದದ ಮೇಲೆ ಆಡುತ್ತಾನೆ, ಇಂಗ್ಲಿಷಿನವನು ಚಿತ್ರಕಾರನ ಹೆಸರಿನ ಮೇಲೆ ಆಡಿ ಜೆರಿಕೋ ಊರಿನ ಆಣೆ ಇಡುತ್ತಾನೆ. 'ಆಸ್ಟರಿಕ್ಸ್ ಇನ್ ಬ್ರಿಟನ್'ನಲ್ಲಂತೂ ಮೂಲದ ತಮಾಷೆಯೇ ಇಂಗ್ಲಿಷ್ ವ್ಯಾಕರಣವನ್ನು ಫ್ರೆಂಚಿನ ಮೇಲೆ ಹೇರುವುದು, ಗುಣವಾಚಕವನ್ನು ತಂದು ನಾಮಪದದ ಮುಂದಿಡುವುದು. ಇಂಗ್ಲಿಷಿನಲ್ಲಿ ಅದು ತಪ್ಪೇ ಅಲ್ಲವಲ್ಲ! ಬೆಲ್ ಅಲ್ಲಿ ಹಳೆಯ ಕಾಲದ ಶ್ರೀಮಂತ ಇಂಗ್ಲಿಷರ ರಾಗದ ಮಾತನ್ನು ತಂದು ಕೂರಿಸಿದರು.

ಇದರ ಫಲವೇನೆಂದರೆ ಆಸ್ಟರಿಕ್ಸ್‌ಗೆ ಒಂದು ವಯಸ್ಸಿಲ್ಲ. ಎಂಟರಲ್ಲಿ ರೋಮನ್ನರು ಚಪ್ಪಲಿ ಬಿಟ್ಟು ಹಾರುವುದು ಸಾಕು. ಹನ್ನೆರಡರಲ್ಲಿ ಹೆಸರುಗಳು ಒಡೆಯತೊಡಗುತ್ತವೆ. ಲ್ಯಾಟಿನ್ ಉಕ್ತಿಗಳು, ಜೆರಿಕೋ, ಆ ಶ್ರೀಮಂತ ರಾಗ ತಿಳಿಯುವುದು ಕಾಲೇಜಿನ ಹೊತ್ತಿಗೆ. ಎಲ್ಲ ಅರ್ಥವಾಗಲೆಂದು ಪಕ್ಕದಲ್ಲಿ ಕೂತು ಶ್ಲೇಷೆ ಬಿಡಿಸಿ ಹೇಳುವ ಅಪ್ಪಂದಿರು ಓದಿನ ಖುಷಿಗೆ ತಣ್ಣೀರು ಎರಚುತ್ತಾರೆ, ಸುಮ್ಮನಿರುವುದು ಒಳ್ಳೆಯದು. ಇನ್ನೊಂದು ಚಿಕ್ಕ ತೊಡಕು: ಆಸ್ಟರಿಕ್ಸ್‌ನ ಮಾತೆಲ್ಲ ದೊಡ್ಡಕ್ಷರದಲ್ಲಿ. ಸಣ್ಣಕ್ಷರದಲ್ಲಿ ಓದಲು ಕಲಿತ ಮಗು ಮೊದಲ ನಾಲ್ಕೈದು ಪುಟ ತಡವರಿಸುತ್ತದೆ, ಆಮೇಲೆ ಸರಿಹೋಗುತ್ತದೆ. 2020ರಿಂದ ಪೇಪರ್‌ಕಟ್ಜ್ ಹೊರತರುತ್ತಿರುವ ಅಮೆರಿಕನ್ ಅನುವಾದ ಬೇರೆಯದು. ಅದರಲ್ಲಿ ಮದ್ದು ಕಾಯಿಸುವ ಮುದುಕ ಗೆಟಾಫಿಕ್ಸ್ ಅಲ್ಲ, ಮೂಲದ ಪ್ಯಾನೊರಾಮಿಕ್ಸ್. ಎರಡನ್ನೂ ಬೆರೆಸಿ ಕೊಂಡರೆ ಒಬ್ಬನೇ ಮುದುಕನಿಗೆ ಮನೆಯಲ್ಲಿ ಎರಡು ಹೆಸರಾಗುತ್ತದೆ. ನನ್ನ ಮತ ಬೆಲ್–ಹಾಕ್ರಿಜ್ ಜೋಡಿಗೆ. ಗಂಗೆಯ ದಡಕ್ಕೆ ಹಾರುವ 'ಆಸ್ಟರಿಕ್ಸ್ ಅಂಡ್ ದಿ ಮ್ಯಾಜಿಕ್ ಕಾರ್ಪೆಟ್' ನಮ್ಮವರಿಗೆ ಆಕರ್ಷಕವೆನಿಸಬಹುದು, ಆದರೆ ಗೊಸಿನಿ 1977ರಲ್ಲಿ ತೀರಿಕೊಂಡ ಮೇಲೆ ಚಿತ್ರಕಾರ ಉದೆರ್ಜೊ ಒಬ್ಬನೇ ಬರೆದದ್ದು ಅದು, ಮಾತು ಸಪ್ಪೆ. 'ಆಸ್ಟರಿಕ್ಸ್ ಅಂಡ್ ಕ್ಲಿಯೋಪಾತ್ರ'ದಿಂದ ಶುರುಮಾಡಿ.

ಅದಕ್ಕಿಂತ ಚಿಕ್ಕವರಿಗೆ, ಆರೇಳರ ಆಸುಪಾಸಿಗೆ, ಸ್ವಿಟ್ಜರ್ಲೆಂಡಿನ ಡೆರಿಬ್ ಮತ್ತು ಜಾಬ್ ಜೋಡಿಯ 'ಯಾಕರಿ' ಇದೆ: ಪ್ರಾಣಿಗಳ ಮಾತು ಬಲ್ಲ ಸೂ ಬುಡಕಟ್ಟಿನ ಹುಡುಗ, ದೊಡ್ಡ ಚೌಕ, ಕಡಿಮೆ ಮಾತು. ಮಾರ್ಗರಿತ್ ಅಬುಎ ತನ್ನ ಬಾಲ್ಯದ ಆಬಿಜಾನ್ ನಗರದಿಂದ ಹೆಕ್ಕಿದ 'ಅಕಿಸಿ' ಕಥೆಗಳು ಎಂಟಕ್ಕೆ ಸರಿ. ತಂಟೆಕೋರ ಹುಡುಗಿ, ಬೀದಿ, ಹೊಟ್ಟೆಹುಳು, ಅಣ್ಣನ ಜೊತೆ ಜಗಳ. ಅದೇ ಲೇಖಕಿಯ 'ಆಯಾ' ಮಾತ್ರ ಹದಿನೈದರ ಮೇಲಿನವರಿಗೆ. ಒಂದೇ ಹೆಸರು ನೋಡಿ ಎರಡನ್ನೂ ಬುಟ್ಟಿಗೆ ಹಾಕಬೇಡಿ. ಸ್ಮರ್ಫ್‌ಗಳಲ್ಲಿ ತಪ್ಪದೆ ಓದಿಸಬೇಕಾದ್ದು 'ಸ್ಮರ್ಫ್ ವರ್ಸಸ್ ಸ್ಮರ್ಫ್'. ಊರಿನ ಉತ್ತರದವರು ಜೋಡುಪದದ ಒಂದು ತುದಿಗೆ 'ಸ್ಮರ್ಫ್' ಹಚ್ಚುತ್ತಾರೆ, ದಕ್ಷಿಣದವರು ಇನ್ನೊಂದು ತುದಿಗೆ. ಯಾವುದು ಶುದ್ಧ ಎಂಬ ಜಗಳ ಊರ ನಡುವೆ ಗೆರೆ ಎಳೆಯುವಲ್ಲಿಗೆ ಹೋಗುತ್ತದೆ. ಸ್ಮರ್ಫ್‌ಗಳ ಕರ್ತೃ ಪೆಯೊ ಅಣಕಿಸಿದ್ದು ಬೆಲ್ಜಿಯಂನ ಫ್ರೆಂಚ್–ಫ್ಲೆಮಿಶ್ ತಂಟೆಯನ್ನು. ಬೆಳಗಾವಿ ಕಡೆಯವರಿಗೆ ಅಡಿಟಿಪ್ಪಣಿ ಬೇಡ.

ಹನ್ನೆರಡು ದಾಟಿದವರಿಗೆ ವಲೇರಿಯನ್‌ನ 'ಅಂಬಾಸಡರ್ ಆಫ್ ದಿ ಶ್ಯಾಡೋಸ್'. 'ದಿ ಯೆಲೊ ಎಂ' ಕೊಡುವಾಗ ಒಂದು ಮಾತು ಮೊದಲೇ ಹೇಳಿಬಿಡಿ: ಚಿತ್ರದಲ್ಲಿ ಕಾಣುವುದನ್ನೇ ಜೇಕಬ್ಸ್ ಮೇಲಿನ ಪಟ್ಟಿಯಲ್ಲಿ ಮತ್ತೆ ಬರೆಯುತ್ತಾನೆ, ಆ ಪಟ್ಟಿಗಳನ್ನು ಹಾರಿಸಿ ಓದಿದರೂ ಕಥೆ ತಪ್ಪುವುದಿಲ್ಲ. ದೊಡ್ಡವರಿಗೆ ತಾರ್ದಿಯ 'ಇಟ್ ವಾಸ್ ದಿ ವಾರ್ ಆಫ್ ದಿ ಟ್ರೆಂಚಸ್', ಸತ್ರಾಪಿಯ 'ಪರ್ಸೆಪೊಲಿಸ್', 1986ರ ಅಫ್ಘಾನಿಸ್ತಾನಕ್ಕೆ ವೈದ್ಯರ ತಂಡದೊಡನೆ ಹೋದ ದಿದಿಯೆ ಲೆಫೆವ್ರ್‌ನ ಫೋಟೊಗಳನ್ನೂ ಎಮಾನ್ಯುಯೆಲ್ ಗಿಬೇರ್‌ನ ಚಿತ್ರಗಳನ್ನೂ ಒಂದೇ ಪುಟದಲ್ಲಿ ಹೆಣೆದ 'ದಿ ಫೋಟೋಗ್ರಾಫರ್'. ಹ್ಯೂಗೊ ಪ್ರಾಟ್‌ನ 'ಕೊರ್ಟೊ ಮಾಲ್ಟೀಸ್' ಕೊಳ್ಳುವಾಗ 2012ರ ಪ್ರತಿಯನ್ನು ಬಿಡಿ. ಅದರಲ್ಲಿ ಪುಟ ಕುಗ್ಗಿಸಿ, ಚೌಕಗಳನ್ನು ಕತ್ತರಿಸಿ ಜೋಡಿಸಿದ್ದಾರೆ. 2014ರಿಂದ ಯೂರೋಕಾಮಿಕ್ಸ್ ಹೆಸರಿನಲ್ಲಿ ಬಂದ ಕಪ್ಪು–ಬಿಳುಪು ಸಂಪುಟಗಳು ಪ್ರಾಟ್‌ನ ಕುಂಚಕ್ಕೆ ನ್ಯಾಯ ಮಾಡಿವೆ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನಂಥ ಕಡೆ ಹಳೆಯ ಪ್ರತಿ ಸಿಕ್ಕರೆ ಮುಖಪುಟದ ಹರಕಿಗೆ ಹೆದರಬೇಡಿ, ಬೆನ್ನು ನೋಡಿ. ಮೆತು ರಟ್ಟಿನ ಆಲ್ಬಮ್‌ಗಳಲ್ಲಿ ಅಂಟು ಒಣಗಿ ಮೊದಲು ಕಳಚುವುದು ನಡುವಿನ ಹಾಳೆಗಳು. ಪುಸ್ತಕವನ್ನು ಮಧ್ಯಕ್ಕೆ ತೆರೆದು ಬೆನ್ನು ಸೀಳಿದೆಯೇ ನೋಡಿ, ಆಮೇಲೆ ಪುಟದ ಅಂಕಿಗಳನ್ನು ಒಂದೊಂದಾಗಿ ಎಣಿಸಿ. ಬಣ್ಣದ ಟಿನ್‌ಟಿನ್‌ನಲ್ಲಿ 62 ಇದ್ದೇ ತೀರಬೇಕು. ಹಾಳೆ ಕಳಚಿದ್ದರೂ ಎಲ್ಲ ಇದ್ದರೆ ಚೌಕಾಸಿ ಮಾಡಿ ತನ್ನಿ, ಬೈಂಡರ್ ಹತ್ತಿರ ಅಂಚು ಕತ್ತರಿಸದೆ ಹೊಲಿದುಕೊಡಲು ಹೇಳಿ. ಮಷೀನಿಗೆ ಕೊಟ್ಟು ಮೂರು ಕಡೆ ನೇರ ಮಾಡಿಸಿದರೆ ಹೊರಸಾಲಿನ ಗುಳ್ಳೆಗಳ ಕೊನೆಯಕ್ಷರ ಹೋಗುತ್ತದೆ.